ಬಂಡೆಯ ಹತ್ತಿರ ನಿನ್ನ ಅಣ್ಣ ಹೇಳುವ ಕತೆ

ದಕ್ಕೆಯ ಹಿಂದಿನ ಮನೆ
ಸೋಮವಾರ, ಮಾರ್ಚ್ ೧೦

ಪ್ರೀತಿಯ ಮಗಳಿಗೆ, ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ಹೇಗಿದ್ದೀಯ? ಸೀಮೆಸುಣ್ಣದ ಧೂಳಿಗೆ ಬರುತ್ತಿದ್ದ ಕೆಮ್ಮು ನಿಂತಿತೆ? ಲಾಂಚು ನಿಲ್ಲುವ ದಕ್ಕೆಯ ಕರಿಹಲಗೆಯ ಮೇಲೆ ದಿನಾ ಲಾಂಚಿನ ವೇಳೆಯನ್ನೂ ಸಮುದ್ರದ ಉಬ್ಬರ ಇಳಿತವನ್ನೂ ಬರೆಯುವವಳು ನಾನು. ಧೂಳಿನ ವಿಷಯ ನನಗೂ ಗೊತ್ತು. ಒಣ ಡಸ್ಟರ್ ಮುಟ್ಟಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು. ಮಕ್ಕಳ ಕೈಯಲ್ಲಿ ಒರೆಸಿದರೆ ಇನ್ನೂ ಒಳ್ಳೆಯದು, ಅವರಿಗೂ ಅದೇ ಬೇಕಾಗಿರುತ್ತದೆ. ಅಳಿಯಂದಿರು ಆರೋಗ್ಯವೇ? ನನ್ನ ಮಂಡಿನೋವು ಇದ್ದಲ್ಲೇ ಇದೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಪತ್ರವನ್ನು ಮನೆಗೆ ಹಾಕದೆ ಶಾಲೆಯ ವಿಳಾಸಕ್ಕೆ ಹಾಕಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕಾರಣ ಕೊನೆಯಲ್ಲಿ ಬರೆಯುತ್ತೇನೆ.

ನಿನ್ನ ಕಳೆದ ಪತ್ರಕ್ಕೆ ಉತ್ತರ ಬಾಕಿ ಇತ್ತು. ಮದುವೆಯಾದ ಮೇಲೆ ನೀನು ಗಂಡ, ಅತ್ತೆ, ಮಾವನ ಜೊತೆ ಬಂದಾಗ ಅಣ್ಣ ನಿಮ್ಮನ್ನು ತನ್ನ ಬಾಡಿಗೆ ಕಾರಿನಲ್ಲಿ, ಪ್ರವಾಸಿಗರನ್ನು ಒಯ್ಯುವ ಹಾಗೆಯೇ, ದ್ವೀಪದ ಅರ್ಧ ದಿನದ ಸುತ್ತಿಗೆ ಕರೆದುಕೊಂಡು ಹೋದ. ಪೂರ್ವದ ಬಂಡೆಯ ಹತ್ತಿರ ನಿನ್ನ ಅತ್ತೆ ಅವನನ್ನು, “ನಿಮ್ಮ ತಂದೆ ತೀರಿಕೊಂಡದ್ದು ಹೇಗೆ?” ಎಂದು ಕೇಳಿದರು. ಮನೆಯ ಲಾಟೀನಿಗೆ ಗಾಜು ತರಲು ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ಬರುವಾಗ ಗಾಳಿಗೆ ಸಿಕ್ಕಿದರು ಎಂದು ಅವನು ಹೇಳಿದ. ನೀನು ಬರೆದದ್ದು ನನ್ನ ಮುಂದೆಯೇ ಇದೆ: “ನನ್ನ ಜ್ವರಕ್ಕೆ ಔಷಧಿ ತರಲು ಹೋದ ಅಪ್ಪನನ್ನು ಒಂದು ಗಾಜಿನ ಚೂರಿಗೆ ಹೋದವರನ್ನಾಗಿ ಮಾಡಿದ. ಅಪ್ಪನ ಮುಖ ನನಗೆ ನೆನಪಿಲ್ಲ. ನನಗಾಗಿ ಹೋದರು ಅನ್ನುವುದೊಂದೇ ನನ್ನ ಪಾಲಿಗಿತ್ತು, ಅದನ್ನೂ ಕಿತ್ತುಕೊಂಡ. ಬಾಡಿಗೆಗೆ ಬರುವವರ ಮುಂದೆ ದಿನಾ ಇನ್ನೇನು ಮಾರುತ್ತಾನೋ, ಒಮ್ಮೆ ನೀನೇ ಹೋಗಿ ಕೇಳು. ಅವನಿರುವ ಮನೆಗೆ ನಾನು ಇನ್ನು ಕಾಲಿಡುವುದಿಲ್ಲ.” ನೀನು ಅವನ ಫೋನು ಎತ್ತುತ್ತಿಲ್ಲ. ಅವನು ಊಟಕ್ಕೆ ಕೂತಾಗಲೂ ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾನೆ. ಹಾಗಾಗಿ ನಿನ್ನೆ ಹೋಗಿ ಕೇಳಿ ಬಂದೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ನನ್ನ ಉಪ್ಪುಖಾರ ಹಾಕುವುದಿಲ್ಲ.

ಬಹಳ ವರ್ಷದಿಂದ ಆ ಕಡೆ ಹೋಗಿಲ್ಲ, ನನ್ನನ್ನೂ ಒಂದು ಸುತ್ತು ಹಾಕಿಸು ಎಂದೆ. “ಗಿರಾಕಿಗಳಿರ್ತಾರಮ್ಮಾ” ಎಂದ. ಮುಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ ಎಂದೆ. “ನೀನು? ಬಾಯಿ ಮುಚ್ಕೊಂಡು? ಅದನ್ನ ನೋಡೋಕೇ ನಾನು ಟಿಕೆಟ್ ಇಡಬಹುದು” ಎಂದು ನಕ್ಕ. ಗಿರಾಕಿಗಳೆಂದರೆ ಒಬ್ಬ ನಿವೃತ್ತ ಎಂಜಿನಿಯರು ಮತ್ತು ಅವರ ಹೆಂಡತಿ. ಅವರಿಗೆ ನನ್ನಿಂದ ಅಡ್ಡಿಯಿರಲಿಲ್ಲ. ಆಕೆಯಂತೂ ತನ್ನ ಬೆನ್ನಿಗಿಟ್ಟುಕೊಂಡಿದ್ದ ದಿಂಬನ್ನೇ ನನಗೆ ಕೊಟ್ಟರು. ಅಣ್ಣ ಗಾಡಿ ಓಡಿಸುವುದರಲ್ಲಿ ತಪ್ಪು ಹುಡುಕುವಂಥದ್ದು ಏನೂ ಇಲ್ಲ. ಕಾರು ತೊಳೆದು ಕನ್ನಡಿಯಂತಿತ್ತು, ನೀರಿನ ಬಾಟಲಿ ತಣ್ಣಗಿತ್ತು, ತಿರುವಿನಲ್ಲಿ ಹಾರನ್ ಮಾಡುತ್ತಾನೆ. ಕೆಟ್ಟಿರುವುದು ಅವನು ಕೊಡುವ ಮಾಹಿತಿ. ಶಾಲೆಯ ಮುಂದಿನ ಆಲದ ಮರಕ್ಕೆ ಮುನ್ನೂರು ವರ್ಷ ಎಂದ. ಅದನ್ನು ನೆಟ್ಟದ್ದು ನಿನ್ನ ಅಜ್ಜ. ಕಪ್ಪು ಮರಳಿನ ತೀರದಲ್ಲಿ ಕಡಲ್ಗಳ್ಳರು ನಿಧಿ ಹೂತಿದ್ದಾರೆ ಎಂದ. ಅಲ್ಲಿ ಹೂತಿರುವುದು ಪಂಚಾಯಿತಿಯವರ ಮುರಿದ ಪೈಪು, ಅದು ಒಡೆದಾಗ ನಮಗೆ ನೀರೇ ಬರಲಿಲ್ಲವಲ್ಲ. ನಾನು ಕೊಟ್ಟ ಮಾತಿನಂತೆ ಕಿಟಕಿಯ ಕಡೆ ನೋಡುತ್ತ ಕೂತಿದ್ದೆ. ದೀಪಸ್ತಂಭದ ಹತ್ತಿರ, “ಇದಕ್ಕೂ ನಮ್ಮಮ್ಮನಿಗೂ ಒಂದೇ ಅಭ್ಯಾಸ ಸಾರ್, ಯಾರು ಎಷ್ಟೊತ್ತಿಗೆ ಮನೆಗೆ ಬಂದ್ರು ಅಂತ ಸುತ್ತಲೂ ಕಣ್ಣು...” ಎಂದು ಅರ್ಧ ಹೇಳಿದವನಿಗೆ ಪಕ್ಕದಲ್ಲಿ ನಾನಿರುವುದು ನೆನಪಾಗಿ ಗೇರ್ ಬದಲಾಯಿಸಿದ. ಎಂಜಿನಿಯರು ಬಹಳ ಹೊತ್ತು ನಗುತ್ತಿದ್ದರು. ಎಳನೀರಿನ ಅಂಗಡಿಯಲ್ಲಿ ಅವರು ನನ್ನನ್ನು, “ನಿಮ್ಮ ಮಗ ಹೇಳೋದರಲ್ಲಿ ನಿಜ ಎಷ್ಟಮ್ಮಾ?” ಎಂದು ಕೇಳಿದರು. “ಎಳನೀರು ಸಿಹಿಯಾಗಿದೆ ಅಂದನಲ್ಲ, ಅದು ನಿಜ” ಎಂದೆ. ಅಷ್ಟು ಬಿಟ್ಟರೆ ನಾನು ಬಾಯಿ ತೆರೆದಿಲ್ಲ.

ಪೂರ್ವದ ರಸ್ತೆಗೆ ಬಂದಾಗ ಅವನು ವೇಗ ಹೆಚ್ಚಿಸಿದ. ಬಂಡೆಯ ದಾರಿ ಕೆಟ್ಟಿದೆ, ನೇರವಾಗಿ ಜಲಪಾತಕ್ಕೆ ಹೋಗೋಣ ಎಂದ. ದಾರಿ ಚೆನ್ನಾಗಿಯೇ ಇತ್ತು. ಹಿಂದಿನಿಂದ ಆಕೆ ಬಿಡಲಿಲ್ಲ: “ಅಯ್ಯೋ, ಬೇರೆ ಏನು ಬಿಟ್ರೂ ಅದನ್ನ ಬಿಡಬೇಡ ಕಣಪ್ಪಾ. ನನ್ನ ತಂಗಿ ಹೋದ ತಿಂಗಳು ನಿನ್ನ ಕಾರಲ್ಲೇ ಬಂದಿದ್ಲು. ಬಂಡೆ ಹತ್ರ ಡ್ರೈವರ್ ಒಂದು ಕತೆ ಹೇಳ್ತಾನೆ, ಕೇಳ್ಕೊಂಡು ಬಾ ಅಂತ ನೂರು ಸಲ ಹೇಳಿ ಕಳಿಸಿದ್ದಾಳೆ.” ಅಣ್ಣ ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ. ಅವನು ಕಾರು ತಿರುಗಿಸಿದ.

ನಾನು ಅಲ್ಲಿಗೆ ಹೋದದ್ದು ನಿಮ್ಮ ಅಪ್ಪ ಹೋದ ಮೇಲೆ ಇದೇ ಮೊದಲು. ಈಗ ಕಬ್ಬಿಣದ ಕಂಬಿ ಹಾಕಿದ್ದಾರೆ, ಕೂರಲು ಸಿಮೆಂಟಿನ ಬೆಂಚು ಇದೆ. ಸಮುದ್ರ ಶಾಂತವಾಗಿತ್ತು. ಅಣ್ಣ ಕಂಬಿ ಹಿಡಿದುಕೊಂಡು, ಅವರ ಕಡೆ ತಿರುಗದೆ ಹೇಳಿದ. ದಾರಿಯುದ್ದಕ್ಕೂ ಇದ್ದ ತಮಾಷೆ ಅಲ್ಲಿರಲಿಲ್ಲ. ಗಾಳಿಯ ಕಾರಣ ಲಾಂಚು ನಿಂತಿತ್ತು ಎಂದ, ಸರಿ. ದ್ವೀಪದ ಆಸ್ಪತ್ರೆಯಲ್ಲಿ ಔಷಧಿ ಮುಗಿದಿತ್ತು ಎಂದ, ಅದೂ ಸರಿ. ನಾನು ಲಾಟೀನಿನ ಗಾಜಿಗಾಗಿ ಕಾಯುತ್ತಿದ್ದೆ. ಅದು ಬರಲಿಲ್ಲ. “ನನ್ನ ತಂಗಿಗೆ ಜ್ವರ ನೆತ್ತಿಗೇರಿತ್ತು. ಅಮ್ಮ ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಕೂತಿದ್ರು. ಅಪ್ಪ ನಮ್ಮ ಸಣ್ಣ ದೋಣಿ ತಗೊಂಡು ಆಚೆ ದಡಕ್ಕೆ ಹೋಗಿ, ಔಷಧಿ ತಗೊಂಡು ವಾಪಸ್ ಹೊರಟ್ರು. ನಾನು ಇಲ್ಲಿ ನಿಂತಿದ್ದೆ. ದೋಣಿ ಕಾಣ್ತಿತ್ತು. ಅಪ್ಪ ಕೈ ಎತ್ತಿದ್ರು, ನಾನೂ ಎತ್ತಿದೆ. ಆಮೇಲೆ ಒಂದು ಅಲೆ ಬಂತು. ಅದು ಹೋದ ಮೇಲೆ ದೋಣಿ ಇರ್ಲಿಲ್ಲ.” ಇಷ್ಟೇ ಅವನ ಕತೆ.

ಅವನು ಬಂಡೆಯ ಮೇಲಿದ್ದದ್ದು ನನಗೆ ಗೊತ್ತಿತ್ತು. ಅವರು ಕೈ ಎತ್ತಿದ್ದು ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ನನಗೆ ಹೇಳದ್ದನ್ನು ಅವನು ಬಾಡಿಗೆಗೆ ಬಂದವರಿಗೆಲ್ಲ ಹೇಳಿದ್ದಾನೆ. ಬೇಸರ ಮಾಡಿಕೊಳ್ಳಬೇಕೋ ಬೇಡವೋ ಎಂದು ಯೋಚಿಸಿದೆ. ಮನೆಯಲ್ಲಿ ಹೇಳಿದ್ದರೆ ನಾನು ಕೇಳಿಸಿಕೊಳ್ಳುತ್ತಿದ್ದೆನೇ ಎಂಬುದೂ ಖಚಿತವಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಆಕೆ ಕಣ್ಣೊರೆಸಿಕೊಂಡು, “ಆ ಮಗು ಉಳೀತಾಪ್ಪಾ?” ಎಂದು ಕೇಳಿದರು. ಅಣ್ಣ ಹೇಳಿದ, “ಉಳಿಯೋದೇನು ಮೇಡಂ, ಬೆಳೆದು ಟೀಚರಾಗಿದ್ದಾಳೆ. ಮಕ್ಕಳಿಗೆ ಲೆಕ್ಕ ಹೇಳಿಕೊಡ್ತಾಳೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ.” ಎಂಜಿನಿಯರು ಇದನ್ನೂ ಅವನ ತಮಾಷೆಯೆಂದುಕೊಂಡು ನಗಲು ಹೋದರು, ಅವನ ಮುಖ ನೋಡಿ ಕಾರಿನ ಕಡೆ ನಡೆದರು. ಆಮೇಲೆ ಜಲಪಾತ ನೋಡಿದೆವು. ನೀರು ಕಡಿಮೆ ಇತ್ತು. ಮಧ್ಯಾಹ್ನದ ಲಾಂಚಿಗೆ ಸರಿಯಾಗಿ ಅವರನ್ನು ದಕ್ಕೆಗೆ ತಂದು ಬಿಟ್ಟ.

ಇದು ನಾನು ಕೇಳಿ ಬಂದ ವರದಿ. ಅಪ್ಪನ ವಿಷಯದಲ್ಲಿ ಅವನು ಗಿರಾಕಿಗಳಿಗೆ ಹೇಳುವುದರಲ್ಲಿ ಒಂದು ಮಾತೂ ಸುಳ್ಳಿಲ್ಲ. ಆಲದ ಮರದ ವಯಸ್ಸನ್ನು ಮಾತ್ರ ತಿದ್ದಿಕೊಳ್ಳಲು ಹೇಳಿದ್ದೇನೆ. “ನೂರು ಅಂತ ಮಾಡ್ಲಾ?” ಎಂದು ಚೌಕಾಸಿಗಿಳಿದಿದ್ದಾನೆ. ನೀನು ಬಿಟ್ಟುಹೋದ ನೀಲಿ ಕೊಡೆ ಇಲ್ಲೇ ಇದೆ, ಬೆಕ್ಕು ಅದರ ಮೇಲೆ ಮಲಗುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರಿಗೆ ಆಶೀರ್ವಾದ, ನಿನ್ನ ಅತ್ತೆ ಮಾವನಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಅಮ್ಮ

ಮರೆತ ಮಾತು: ಲಾಂಚು ಕೂಗುತ್ತಿದೆ, ಅಂಚೆಚೀಲ ಹೊರಡುತ್ತದೆ, ಬೇಗ ಬರೆಯುತ್ತೇನೆ. ಗಿರಾಕಿಗಳು ಇಳಿದ ಮೇಲೆ, ಇಷ್ಟು ಜನರಿಗೆ ನಿಜ ಹೇಳುವವನು ತಂಗಿಯ ಮುಂದೆ ಮಾತ್ರ ಲಾಟೀನಿನ ಗಾಜು ಎಲ್ಲಿಂದ ತಂದೆ ಎಂದು ಕೇಳಿದೆ. ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸಿದ. ಆಮೇಲೆ ಹೇಳಿದ: “ಅವಳ ಅತ್ತೆ ಹಿಂದಿನ ಸೀಟಲ್ಲಿದ್ರಲ್ಲಮ್ಮಾ. ದಾರಿಯುದ್ದಕ್ಕೂ ಯಾರದೋ ಮನೆ ಸೊಸೆಯ ಕಾಲ್ಗುಣ ಸರಿಯಿಲ್ಲ, ಬಂದ ವರ್ಷವೇ ಮಾವ ಹೋದ ಅಂತ ಆಡ್ಕೊಳ್ತಿದ್ರು. ಅಂಥವರ ಎದುರಿಗೆ, ಇವಳ ಔಷಧಿಗೆ ಅಂತ ಹೋಗಿ ಅಪ್ಪ ಹೋದ್ರು ಅಂತ ನಾನು ಹೇಳ್ಬೇಕಿತ್ತಾ? ಇವಳು ಆ ಮನೇಲಿ ಬಾಳಬೇಕು.” ಇದನ್ನು ನಿನಗೆ ಬರೆಯಕೂಡದು, ನೀನು ಅತ್ತೆಯ ಮೇಲೆ ಹರಿಹಾಯುತ್ತೀಯ ಎಂದ. ಹರಿಹಾಯಬೇಡ. ಪತ್ರ ಶಾಲೆಗೆ ಹಾಕಿದ್ದು ಇದಕ್ಕೇ, ಓದಿ ಅಲ್ಲೇ ಹರಿದುಬಿಡು. ಅವನ ಫೋನು ಎತ್ತು. ನಾನು ಬರೆದೆನೆಂದು ತಿಳಿದರೆ ಅವನು ರೇಗಬಹುದು, ರೇಗಲಿ. ಬಾಯಿ ಮುಚ್ಚಿಕೊಂಡಿರುತ್ತೇನೆಂದು ನಾನು ಮಾತು ಕೊಟ್ಟದ್ದು ಕಾರಿನೊಳಗೆ ಕೂತಿರುವಷ್ಟು ಹೊತ್ತಿಗೆ.