ಪ್ಯಾಂಟಿನ ಅಳತೆಗೆ ಒಂದು ಕಾಲು

ಮನೆಯಿಂದ
ಮಾರ್ಚ್ ೧೨, ಮಂಗಳವಾರ, ಮಧ್ಯಾಹ್ನ

ನಮ್ಮ ಮನೆಯವರಿಗೆ,

(ನೀವು ಮನೆಯಲ್ಲಿ ಇಲ್ಲದಿದ್ದರೂ ಹೀಗೆಯೇ ಬರೆಯುತ್ತೇನೆ. ಇಷ್ಟು ವರ್ಷ ಹೆಸರು ಹಿಡಿದು ಕರೆಯದವಳು ಈಗ ಕಾಗದದಲ್ಲಿ ಹೊಸದಾಗಿ ಏನೆಂದು ಕರೆಯಲಿ?)

ಹೇಗಿದ್ದೀರಿ? ಹೊಲಿಗೆ ಹಾಕಿದ ಜಾಗ ಪೂರ್ತಿ ಒಣಗಿತೇ? ಸಕ್ಕರೆ ಪರೀಕ್ಷೆ ಮಾಡಿಸಿದಿರಾ, ಇಲ್ಲ ಅದೂ ನಾಳೆ ನಾಡಿದ್ದು ಅಂತ ಮುಂದಕ್ಕೆ ಹೋಗುತ್ತಿದೆಯಾ? ಅಕ್ಕ ತಮ್ಮನ ಮೇಲಿನ ಪ್ರೀತಿಗೆ ಕಾಫಿಗೆ ಒಂದು ಚಮಚ ಸಕ್ಕರೆ ಹಾಕಿಯೇ ಹಾಕುತ್ತಾರೆ, ನೀವು ಬೇಡ ಅನ್ನುವುದಿಲ್ಲ, ಇಬ್ಬರನ್ನೂ ನಾನು ಬಲ್ಲೆ. ಫೋನ್ ಮಾಡಿದಾಗಲೆಲ್ಲ ಅಕ್ಕ "ಈಗ ತಾನೇ ಮಲಗಿದ್ದಾನಮ್ಮ" ಅನ್ನುತ್ತಾರೆ. ಬೆಳಿಗ್ಗೆ ಹತ್ತಕ್ಕೂ ಈಗ ತಾನೇ ಮಲಗಿರುತ್ತೀರಿ, ಸಂಜೆ ಐದಕ್ಕೂ ಈಗ ತಾನೇ. ಇಷ್ಟು ನಿದ್ದೆ ಮಾಡುವ ಮನುಷ್ಯನನ್ನು ನಾನು ಮದುವೆಯಾಗಿರಲಿಲ್ಲ. ಹೋದ ಶನಿವಾರ ಅಕ್ಕ ಹಾಗೆ ಹೇಳುತ್ತಿರುವಾಗಲೇ ನೀವು ಕೆಮ್ಮಿದಿರಿ. ಅದು ಒಳಕೋಣೆಯಲ್ಲಿ ಮಲಗಿದವರ ಕೆಮ್ಮಲ್ಲ, ಫೋನಿನ ಪಕ್ಕದಲ್ಲಿ ಉಸಿರು ಹಿಡಿದು ಕೂತವರ ಕೆಮ್ಮು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮಲಗಿದ್ದಾನೆ ಅಂತ ಹೇಳಿ ಇದನ್ನು ವಾಪಸು ಕಳಿಸಲು ಅಕ್ಕನಿಗೂ ಆಗುವುದಿಲ್ಲ.

ನಾನು ಚೆನ್ನಾಗಿದ್ದೇನೆ ಅಂತ ಬರೆಯುವುದು ಪದ್ಧತಿ. ಚೆನ್ನಾಗಿಲ್ಲ. ಕೂತಲ್ಲಿ ಕೂರಲು ಆಗುತ್ತಿಲ್ಲ. ಶಾಲೆ ಶುರುವಾಗುವ ಮುಂಚೆ ಕೊಡಬೇಕಾದ ಸಮವಸ್ತ್ರದ ಬಟ್ಟೆ ಮೇಜಿನ ಮೇಲೆ ನನ್ನ ಎದೆ ಮಟ್ಟಕ್ಕೆ ಪೇರಿಸಿದೆ. ನಿನ್ನೆ ಒಂದು ಅಂಗಿಗೆ ಎರಡೂ ಎಡತೋಳು ಹಾಕಿ, ಗುಂಡಿ ಹೊಲಿಯುವ ಹೊತ್ತಿಗೆ ನೋಡಿದೆ. ಬಿಚ್ಚುತ್ತಾ ಕೂತಾಗ ನೀವು ಹೊರಡುವ ದಿನ ಹೇಳಿದ ಮಾತೇ ಕಿವಿಯಲ್ಲಿ. "ಮೂರನೇ ಮಹಡಿ ನನಗೆ ಆಗಲ್ಲ. ನೀನು ನಿನ್ನ ಹೊಲಿಗೆ ನೋಡ್ಕೋ, ನನ್ನ ನೋಡ್ಕೊಂಡು ಕೂರಬೇಡ" ಅಂದಿರಿ. ಸ್ವಲ್ಪ ದಿನ ಅಷ್ಟೇ ಅಂತಲೂ ಅಂದಿರಿ. ಎರಡನೇ ಮಾತನ್ನು ನಂಬಿಕೊಂಡು ಕಳಿಸಿದೆ ನಾನು. ಮೆಟ್ಟಿಲು ನೆಪ ಅಂತ ಆಗಲೇ ಅನ್ನಿಸಿತ್ತು, ಬಾಯಿಬಿಟ್ಟು ಹೇಳಲಿಲ್ಲ.

ಸರಿ, ಈ ತಿಂಗಳು ಏನು ಮಾಡಿದೆ ಕೇಳಿ. ಆಸ್ಪತ್ರೆಯವರು ಮಂಡಿಯಿಂದ ಕೆಳಗೆ ಕತ್ತರಿಸಿ, ಹೊಲಿದು, "ಗಾಯ ಚೆನ್ನಾಗಿದೆ, ಹೋಗಿಬನ್ನಿ" ಅಂತ ಕಳಿಸಿದರಲ್ಲ, ಮುಂದೇನು ಅಂತ ಒಬ್ಬರಾದರೂ ಹೇಳಿದರೇ? ಸಕ್ಕರೆ ಕಾಯಿಲೆಗೆ ಮೊಳೆ ಚುಚ್ಚಿದ್ದೇ ಗೊತ್ತಾಗದಷ್ಟು ಕಾಲು ಮರಗಟ್ಟಿದೆ ಅಂತ ಏಣಿ ಹತ್ತಿ ಗೋಡೆಗೆ ಬಣ್ಣ ಬಳಿಯುವ ನಿಮ್ಮಂಥ ಮನುಷ್ಯನಿಗೂ ಮೊದಲೇ ಯಾರೂ ಹೇಳಿರಲಿಲ್ಲ. ಅದಿರಲಿ. ನಾನು ಮತ್ತೆ ಅಲ್ಲಿಗೇ ಹೋದೆ. ಹೊಸ ಕಟ್ಟಡದ ಕಿಟಕಿಯವರು ಹಳೇ ಕಟ್ಟಡದಲ್ಲಿ ಕೇಳಿ ಅಂದರು. ಹಳೇ ಕಟ್ಟಡದವರು ಹೊಸ ಕಟ್ಟಡದ ಕಿಟಕಿಯಲ್ಲಿ ಕೇಳಿ ಅಂದರು. ಎರಡರ ನಡುವಿನ ಅಂಗಳದಲ್ಲಿ ನಾನು ಅಲೆದ ಅಲೆತಕ್ಕೆ ಕಾವಲಿನವನು ನನ್ನನ್ನು ಅಲ್ಲಿ ಕೆಲಸಕ್ಕೆ ಸೇರಿದವಳು ಅಂದುಕೊಂಡ. ಕೊನೆಗೆ ದಾರಿ ಸಿಕ್ಕಿದ್ದು ಔಷಧಿಯ ಸಾಲಿನಲ್ಲಿ. ನನ್ನ ಮುಂದೆ ಒಬ್ಬರು ನಿಂತಿದ್ದರು, ಬೇಕರಿ ನಡೆಸುವವರಂತೆ. ಅವರ ಪ್ಯಾಂಟಿನ ಬಲಗಾಲಿನ ಇಸ್ತ್ರಿ ಗೆರೆ ನಡೆದು ನಡೆದು ಮುದುಡಿತ್ತು, ಎಡಗಾಲಿನದು ಮಾತ್ರ ಈಗ ತಾನೇ ಇಸ್ತ್ರಿ ಮಾಡಿದಂತಿತ್ತು. ನನ್ನ ಕಣ್ಣು ಅಲ್ಲೇ ನೆಟ್ಟಿದ್ದು ನೋಡಿ ಅವರು ಪ್ಯಾಂಟಿನ ಅಂಚು ಸ್ವಲ್ಪ ಎತ್ತಿ ತೋರಿಸಿದರು. "ಇದು ಮಾಡಿಸಿದ್ದಮ್ಮ. ನಿಮ್ಮನೇಲಿ ಯಾರಿಗೆ?" ಅಂದರು. ಅಷ್ಟು ಜನರ ಮಧ್ಯೆ ನನಗೆ ಅಳು ಬಂದುಬಿಟ್ಟಿತು. ಕಾಲು ಮಾಡುವವರ ಕಾರ್ಖಾನೆ ರೈಲ್ವೆ ಗೇಟಿನ ಹಿಂದಿದೆ ಅಂತಲೂ, ಭಾನುವಾರ ತಮ್ಮಂತೆ ಕಾಲು ಕಳೆದುಕೊಂಡವರ ಗುಂಪು ಸೇರುತ್ತದೆ ಅಂತಲೂ ಅವರೇ ಹೇಳಿದ್ದು.

ಇನ್ನು ಮುಂದಿನದನ್ನು ಓದಿ ನಗುವುದಾದರೆ ನಕ್ಕುಬಿಡಿ. ನಿಮಗೆ ಹೇಳದೆ ಕಾಲು ಮಾಡಿಸಿ ತಂದು ಎದುರಿಗೆ ಇಡೋಣ ಅಂತ ನನ್ನ ಲೆಕ್ಕಾಚಾರ. ನಿಮ್ಮ ಬೂದು ಪ್ಯಾಂಟು, ಬಲಗಾಲಿನ ಬೂಟು, ನನ್ನ ಟೇಪು, ಎಲ್ಲ ಚೀಲಕ್ಕೆ ಹಾಕಿಕೊಂಡು ಹೋದೆ. ನಿಮ್ಮ ಒಳಗಾಲಿನ ಉದ್ದ, ಮಂಡಿಯ ಸುತ್ತಳತೆ, ಮೀನಖಂಡದ ಸುತ್ತಳತೆ ನನಗೆ ಬಾಯಿಪಾಠವಲ್ಲವೇ? ಕಾಲು ಮಾಡುವವರು ದಪ್ಪ ಕನ್ನಡಕದ ಮನುಷ್ಯ, ಮೈಯೆಲ್ಲ ಬಿಳಿ ಪುಡಿ, ಅರ ಹಿಡಿದು ಏನನ್ನೋ ಉಜ್ಜುತ್ತಾ ಕೂತಿದ್ದರು. ನಾನು ಮೇಜಿನ ಮೇಲೆ ಪ್ಯಾಂಟು ಹರಡಿ, ಅಳತೆ ಹೇಳಿ, ಯಾವಾಗ ಬರಲಿ ಅಂತ ಕೇಳಿದೆ. ನಗದೆ ಪೂರ್ತಿ ಕೇಳಿಸಿಕೊಂಡರು, ಪುಣ್ಯಾತ್ಮ. ಆಮೇಲೆ "ಅಮ್ಮಾ, ಪ್ಯಾಂಟಾದ್ರೆ ಬೆರಳಷ್ಟು ಸಡಿಲ ಇದ್ರೂ ಹಾಕ್ಕೋಬಹುದು. ಇದು ಹಾಗಲ್ಲ. ಕಾಲಿನವರೇ ಬರಬೇಕು" ಅಂದರು. ಉಳಿದಿರುವ ಕಾಲಿಗೆ ಒದ್ದೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯಬೇಕಂತೆ, ಅದಕ್ಕೆ ಸರಿಯಾಗಿ ಒಂದು ಬಟ್ಟಲಿನಂಥದ್ದು ಮಾಡಿ ಕೂರಿಸಬೇಕಂತೆ, ಎರಡೂ ಕಡೆ ಕಂಬಿ ಹಿಡಿಸಿ ನಡೆಸಿ, ಎಲ್ಲಿ ಒತ್ತುತ್ತದೆ ನೋಡಿ, ಮತ್ತೆ ಉಜ್ಜಬೇಕಂತೆ. ನಾನು ಪ್ಯಾಂಟು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಹೊರಡುವಾಗ ಅವರು ಸುಮ್ಮನೆ ಕೇಳುವವರಂತೆ "ಅವರು ಮಲಗೋದು ಹೇಗೆ?" ಅಂದರು. ನನಗೆ ಮಾನ ಉಳಿಸಿಕೊಳ್ಳಲು ಒಂದು ದಾರಿ ಸಿಕ್ಕಂತಾಯಿತು. ಅವರ ಅಕ್ಕ ಹೂವಿನ ಹಾಗೆ ನೋಡಿಕೊಳ್ಳುತ್ತಾರೆ, ಮಂಡಿ ಕೆಳಗೆ ದಿಂಬು ತೆಗೆಯುವುದೇ ಇಲ್ಲ, ಆ ದಿಂಬನ್ನು ನಾನೇ ಮಂಡಿಯ ಅಳತೆಗೆ ಇಳಿಜಾರು ಕೊಟ್ಟು ಹೊಲಿದು ಕಳಿಸಿದ್ದೇನೆ, ಮಖಮಲ್ಲಿನ ಕವರು ಬೇರೆ, ಅಂತ ಹೇಳಿದೆ. ಅವರು ಅರ ಕೆಳಗಿಟ್ಟರು. "ದಿಂಬು ಇವತ್ತೇ ತೆಗೆಸಿ" ಅಂದರು. ಮಂಡಿ ಹಾಗೆ ಮಡಿಸಿಟ್ಟರೆ ಮಡಿಸಿದಲ್ಲೇ ಬಿಗಿದುಕೊಳ್ಳುತ್ತದಂತೆ, ಆಮೇಲೆ ಎಷ್ಟು ಚೆನ್ನಾಗಿ ಕಾಲು ಮಾಡಿದರೂ ನೆಟ್ಟಗೆ ನಿಲ್ಲಲು ಬಹಳ ಕಷ್ಟವಂತೆ. ಆ ದಿಂಬಿಗೆ ನಾನು ಎರಡು ಸಲ ಹತ್ತಿ ತುಂಬಿದ್ದೆ, ಮೊದಲನೆಯ ಸಲ ಮೆತ್ತಗಾಯಿತು ಅಂತ. ಹೊರಗೆ ಬಂದವಳೇ ಅಕ್ಕನಿಗೆ ಫೋನ್ ಮಾಡಿದೆ. "ಅಯ್ಯೋ, ದಿಂಬು ತೆಗೆದ್ರೆ ನೋವು ಅಂತಾನಮ್ಮ, ನಾಳೆ ತೆಗೀತೀನಿ" ಅಂದರು. ನಿನ್ನೆ ಕೇಳಿದರೂ ಅದೇ ನಾಳೆ.

ಕಾರ್ಖಾನೆಯ ಪಕ್ಕದ ಕೋಣೆಯಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ಇದ್ದಾರೆ, ವಯಸ್ಸು ಚಿಕ್ಕದು, ಗದರುವುದು ನಿಮ್ಮ ಮೇಸ್ತ್ರಿಯಂತೆ. ನನ್ನನ್ನೇ ಹಾಸಿಗೆಯ ಮೇಲೆ ಬೋರಲು ಮಲಗಿಸಿ ತೋರಿಸಿದರು. ದಿನಕ್ಕೆ ಸ್ವಲ್ಪ ಹೊತ್ತು ಹೊಟ್ಟೆ ಮೇಲೆ ಮಲಗಬೇಕು, ಅಂಗಾತ ಮಲಗಿದಾಗ ತೊಡೆ ಬಿಗಿಹಿಡಿದು ಮಂಡಿಯನ್ನು ಹಾಸಿಗೆಗೆ ಒತ್ತಬೇಕು. ಊತ ಇಳಿಯಲು ಪಟ್ಟಿಯನ್ನು ಓರೆಯಾಗಿ, ಕೆಳಗೆ ಬಿಗಿಯಾಗಿ, ಮೇಲೆ ಹೋದಂತೆ ಸಡಿಲವಾಗಿ ಸುತ್ತಬೇಕು. ಅದನ್ನು ನಾನು ನನ್ನ ಕಾಲಿಗೇ ಸುತ್ತಿ ಸುತ್ತಿ ಕಲಿತೆ. ಮೆಟ್ಟಿಲಿನದೂ ಕೇಳಿದೆ. "ಕೂತ್ಕೊಂಡೇ ಹತ್ತಬಹುದು, ಹಿಂದುಮುಂದಾಗಿ, ಒಂದೊಂದೇ" ಅಂದರು. ಹೌದೋ ಅಲ್ಲವೋ ಅಂತ ಆ ಸಂಜೆಯೇ ನಮ್ಮ ಮೂರೂ ಮಹಡಿ ಕೂತುಕೊಂಡು ಹತ್ತಿದೆ, ಒಂದು ಕಾಲನ್ನು ಮುಂದಕ್ಕೆ ಚಾಚಿಕೊಂಡು. ಎರಡನೇ ಮಹಡಿಯಲ್ಲಿ ಪಾಠದ ಮೇಷ್ಟ್ರ ಹೆಂಡತಿ ಬಾಗಿಲು ತೆಗೆದು "ಏನ್ ಬೀಳಿಸ್ಕೊಂಡ್ರಿ?" ಅಂತ ಕೇಳಿ ತಾವೂ ಬಗ್ಗಿ ಹುಡುಕತೊಡಗಿದರು. ಕೈ ನೋಯುತ್ತದೆ, ಸೀರೆ ಹಾಳಾಗುತ್ತದೆ, ಆದರೆ ಹತ್ತಬಹುದು. ಮೂರನೇ ಮಹಡಿಯ ಮಾತು ಇಲ್ಲಿಗೆ ಮುಗಿಯಿತು.

ಭಾನುವಾರದ ಗುಂಪಿಗೂ ಹೋಗಿಬಂದೆ. ಒಂದು ಶಾಲೆಯ ಒಂದನೇ ತರಗತಿಯ ಕೋಣೆ, ಮಕ್ಕಳ ಬೆಂಚು, ದೊಡ್ಡವರೆಲ್ಲ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಯಾರೂ ಯಾರಿಗೂ ಅಯ್ಯೋ ಪಾಪ ಅನ್ನುವುದಿಲ್ಲ, ಮೊದಲು ನನಗೆ ಅದೇ ವಿಚಿತ್ರವಾಗಿತ್ತು. ನಿಮಗೆ ಹೇಳಲೇಬೇಕಾದ ಸಂಗತಿ ಅಲ್ಲಿ ಸಿಕ್ಕಿತು. ಆಸ್ಪತ್ರೆಯಲ್ಲಿ ಒಂದು ದಿನ ನೀವು ನನ್ನ ಕೈ ಹಿಡಿದು, ಇಲ್ಲದ ಕಾಲಿನ ಹೆಬ್ಬೆರಳು ತುರಿಸುತ್ತಿದೆ ಅಂದಿರಿ. ನಾನು ಏನೂ ತೋಚದೆ ನಿಮ್ಮ ಮುಖ ನೋಡಿದೆ. ಅಂದಿನಿಂದ ಆ ಮಾತು ನೀವು ಎತ್ತಲೇ ಇಲ್ಲ. ಅಲ್ಲಿ ಅದನ್ನು ಹೇಳಿದಾಗ ಎಲ್ಲರೂ ಒಟ್ಟಿಗೆ ಮಾತು ಶುರುಮಾಡಿದರು. ಬೇಕರಿಯವರಿಗೆ ಒಲೆ ಮುಂದೆ ನಿಂತರೆ ಇಲ್ಲದ ಪಾದ ಸುಡುತ್ತದಂತೆ. ಒಬ್ಬ ಟೀಚರಿಗೆ ಇಲ್ಲದ ಬೆರಳುಗಳನ್ನು ಯಾರೋ ತಿರುಚಿದಂತಾಗುತ್ತದಂತೆ. ಎರಡು ಕಾಲಿನ ನಡುವೆ ಕನ್ನಡಿ ಇಟ್ಟು, ಇರುವ ಕಾಲನ್ನು ಆಡಿಸಿ ಅದನ್ನೇ ನೋಡುತ್ತಾ ಕೂತರೆ ಕೆಲವರಿಗೆ ಕಡಿಮೆಯಾಗುತ್ತದಂತೆ, ಅದನ್ನು ಆ ಮೇಡಂ ಹೇಳಿಕೊಡುತ್ತಾರೆ. ನಿಮಗೆ ತಲೆ ಕೆಟ್ಟಿಲ್ಲ ರೀ. ಅದಕ್ಕೇ ತಾನೇ ನನ್ನ ಹತ್ತಿರ ಮಾತು ಬಿಟ್ಟಿದ್ದು? ಅದಕ್ಕೇ ಆಗಿದ್ದರೆ, ನಿಮ್ಮ ದಮ್ಮಯ್ಯ, ಅದನ್ನು ಮನಸ್ಸಿನಿಂದ ತೆಗೆದುಬಿಡಿ.

ಬೇಕರಿಯವರು ಇನ್ನೊಂದು ಮಾತು ಹೇಳಿದರು, ಅದು ನನ್ನನ್ನು ಅಂದಿನಿಂದ ತಿನ್ನುತ್ತಿದೆ. "ಮನೇಲಿ ಎಲ್ಲಾ ಕೈಗೇ ತಂದುಕೊಟ್ರಮ್ಮ. ನೀರು, ಊಟ, ಟವೆಲ್ಲು. ವರ್ಷ ಆಗೋ ಹೊತ್ತಿಗೆ ನಾನು ಮಂಚದ್ದೇ ಒಂದು ಭಾಗ ಆಗಿಹೋಗಿದ್ದೆ" ಅಂದರು. ನನಗೆ ನಿಮ್ಮದೇ ಚಿತ್ರ ಕಣ್ಣ ಮುಂದೆ ಬಂತು, ಕಿಟಕಿ ಪಕ್ಕ ಮಲಗಿಕೊಂಡು ಅಕ್ಕನನ್ನು ಕೂಗುತ್ತಿರುವುದು. ನನಗೆ ಭಯವಾಗಿದೆ. ಕಾಲು ಹೋದದ್ದಕ್ಕೆ ಅತ್ತು ಮುಗಿಸಿದೆ, ಅದು ಆಯಿತು. ಉಳಿದಿರುವ ನಿಮ್ಮನ್ನು ಪ್ರೀತಿ ಮಾಡಿಯೇ ಕಳೆದುಕೊಂಡುಬಿಡುತ್ತೇವೇನೋ ಅಂತ ಭಯ.

ಗುರುವಾರ ಹನ್ನೊಂದಕ್ಕೆ ಕಾಲು ಮಾಡುವವರು ನಿಮ್ಮ ಮಂಡಿ ನೋಡುತ್ತಾರೆ. ಇನ್ನೂ ನೆಟ್ಟಗಾಗುತ್ತದೋ ಇಲ್ಲವೋ ಕೈಯಿಟ್ಟು ನೋಡದೆ ಹೇಳಲಾರೆ ಅಂದಿದ್ದಾರೆ. ತಡ ಮಾಡಿದಷ್ಟೂ ಕಷ್ಟ ಅಂತಲೂ ಅಂದಿದ್ದಾರೆ. ನಿಮ್ಮ ಬಣ್ಣದ ಡಬ್ಬಗಳನ್ನು ಯಾರಿಗೂ ಕೊಟ್ಟಿಲ್ಲ, ಮೇಸ್ತ್ರಿ ಎರಡು ಸಲ ಕೇಳಿ ಬೈಸಿಕೊಂಡು ಹೋದರು.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ, ದಿಂಬಿನ ವಿಷಯಕ್ಕೆ ಅವರ ಮೇಲೆ ಸಿಡುಕಬೇಡಿ. ಅದನ್ನು ಹೊಲಿದವಳು ನಾನು. ಮೈ ಹುಷಾರು.

ನಿಮ್ಮವಳೇ

ಬುಧವಾರ ಬೆಳಿಗ್ಗೆ, ಅವಸರದಲ್ಲಿ: ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ನೋಡಿರಬೇಕಲ್ಲ. ಅಂಚೆಯವರನ್ನು ನಂಬಿಕೊಂಡು ಕೂರಲಾಗದೆ ಮೊದಲನೇ ಬಸ್ಸಿಗೇ ಹೊರಟುಬಂದೆ. ಇದನ್ನು ಅಕ್ಕನ ಮನೆಯ ಹೊಸ್ತಿಲಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿಯ ಪರದೆಯ ಸಂದಿಯಿಂದ ಒಳಗೆ ಹಾಕಿದರೆ ನಿಮ್ಮ ಮಂಚದ ಮೇಲೇ ಬೀಳುತ್ತದೆ. ರಾತ್ರಿಯೇ ಫೋನಿನಲ್ಲಿ ಅಕ್ಕನನ್ನು ಒಪ್ಪಿಸಿದ್ದೆ. ಊರುಗೋಲನ್ನು ನಿಮ್ಮ ತಲೆಯ ಕಡೆ ಒರಗಿಸಿಟ್ಟು, ಎಳೆದರೆ ತಾನೇ ಬೀಗ ಬೀಳುವ ಬಾಗಿಲನ್ನು ಎಳೆದುಕೊಂಡು, ಈಗ ಎದುರು ಮನೆಯಲ್ಲಿ ಕೂತು ಉಗುರು ಕಚ್ಚುತ್ತಿದ್ದಾರೆ, ಕೂಗಿ ಕರೆದರೂ ಬರುವುದಿಲ್ಲ. ಬೀಗದ ಕೈ ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಒಳಗಿನಿಂದ ನೀವೇ ತೆಗೆಯಬೇಕು. ಅವಸರವೇನಿಲ್ಲ, ಗೋಡೆ ಹಿಡಿದುಕೊಂಡು ನಿಧಾನವಾಗಿ ಬನ್ನಿ. ನಾನು ಬಾಗಿಲಲ್ಲೇ ನಿಂತಿರುತ್ತೇನೆ.