ಎರಡನೇ ಪಂಕ್ತಿಯವರು

೧೧ ಫೆಬ್ರವರಿ ೨೦೦೧, ಭಾನುವಾರ. ಚಳ್ಳಕೆರೆ

ಇವತ್ತೂ ಅಪ್ಪನ ಎಣ್ಣೆ ಮಿಲ್ಲಿನ ಅಂಗಳದಲ್ಲೇ ಕ್ಲಿನಿಕ್. ಶೇಂಗಾ ಚೀಲವೇ ಮಂಚ. ಪಾದಕ್ಕೆ ಜೆಲ್ ಹಚ್ಚಿ ಡಾಪ್ಲರ್ ಇಡುವುದು, ಕೇಳುವುದು. ಪೆನ್ನಿನಂಥ ಕಡ್ಡಿ, ಅದಕ್ಕೊಂದು ಪುಟ್ಟ ಸ್ಪೀಕರ್. ರಕ್ತ ಹರಿದರೆ ಸದ್ದು. ನಾಳ ಕಟ್ಟಿದ್ದರೆ ಮೌನ. ಮೆಷಿನ್ ನನ್ನದಲ್ಲ, ನಾನು ಸರ್ಜರಿ ಕಲಿತ ಬೆಂಗಳೂರಿನ ಆಸ್ಪತ್ರೆಯ ಚೀಫ್ ಕೊಟ್ಟಿದ್ದು.

ಕೊಂಡ್ಲಹಳ್ಳಿಯಿಂದ ಓಬಯ್ಯ ಬಂದಿದ್ದ. ಹೋದ ವರ್ಷ ಅವನ ಎಡಗಾಲಿನ ಒಂದು ಬೆರಳು ಕಪ್ಪಾಗಿ, ನಾನೇ ತೆಗೆದದ್ದು. ಬೀಡಿ ಸೇದಿದ್ದರ ಫಲ. ಬಿಡಪ್ಪಾ ಅಂತ ಎಷ್ಟು ಸಲ ಹೇಳಿದ್ದೆನೋ. ಕೋಣನ ಮುಂದೆ ಕಿನ್ನರಿ. ಒಂದು ದಿನ ಸುಮ್ಮನೆ ಎರಡೂ ಕಾಲಿನ ಸದ್ದು ಕೇಳಿಸಿದೆ. ಬಲಗಾಲು ಜೋರು, ಎಡಗಾಲು ಇದ್ದೂ ಇಲ್ಲದ ಹಾಗೆ. "ಇದ್ಯಾಕಮ್ಮ ಮಾತಾಡವಲ್ದು?" ಅಂದ. ಅವತ್ತೇ ಬೀಡಿ ಕಟ್ಟು ಡಸ್ಟ್‌ಬಿನ್ನಿಗೆ.

ಇವತ್ತು ಎಡಗಾಲಲ್ಲಿ ಸದ್ದು ಬಂತು! ಸಣ್ಣದು, ಆದರೆ ಇದೆ. ಓಬಯ್ಯ ನಕ್ಕ. ನಾನು ಅವನಿಗಿಂತ ಜಾಸ್ತಿ ನಕ್ಕೆ.

೧೪ ಫೆಬ್ರವರಿ

ಅರ್ಜಿ ಕಳಿಸಿದೆ. ದೆಹಲಿಯ ಒಂದು ಟ್ರಸ್ಟು — ರಕ್ತನಾಳದ ರೋಗಗಳ ಮೇಲೆ ಸಂಶೋಧನೆ ಮಾಡುವ ಹೊಸ ಸರ್ಜನ್‌ಗಳಿಗೆ ಫೆಲೋಶಿಪ್. ವಾರಕ್ಕೆ ಮೂರು ದಿನ ಆಪರೇಷನ್, ಉಳಿದ ದಿನ ಸಂಶೋಧನೆ. ಎರಡು ವರ್ಷ ಸಂಬಳ ಅವರದು. ನನ್ನ ಪ್ರಶ್ನೆ ಇಷ್ಟೇ — ತಮ್ಮ ಕಾಲಿನ ಸದ್ದು ತಾವೇ ಕೇಳಿದರೆ ಜನ ಬೀಡಿ ಬಿಡುತ್ತಾರಾ? ಓಬಯ್ಯ ಬಿಟ್ಟ. ಒಬ್ಬ ಬಿಟ್ಟರೆ ಅದು ಕಥೆ, ಪುರಾವೆ ಅಲ್ಲ.

ಅಪ್ಪ ಸಿಗರೇಟಿನ ಬೂದಿ ಕೊಡವುತ್ತಾ, "ಡಾಕ್ಟರಾದ ಮ್ಯಾಲೂ ಸ್ಕಾಲರ್‌ಶಿಪ್ಪಾ? ಈಗ ಎಷ್ಟನೇ ಕ್ಲಾಸು ಗಂಗಾ ನೀನು?" ಅಂದರು.

"ಓದಾಕೆ ಹಾಕ್ದೋರು ನೀವೇ ಅಲ್ಲೇನ್ರೀ," ಅಂದಳು ಅವ್ವ.

ಸಿಗದಿದ್ದರೆ ಜೂನ್‌ನಿಂದ ದಾವಣಗೆರೆಯ ನರ್ಸಿಂಗ್ ಹೋಮು. ಬೆಳಗ್ಗೆಯಿಂದ ಸಂಜೆವರೆಗೆ ಆಪರೇಷನ್. ಅಪ್ಪನಿಗೆ ಅದೇ ಇಷ್ಟ. ಬೆರಳು ಕತ್ತರಿಸುವುದು ನನಗೆ ಬರುತ್ತದೆ. ಕತ್ತರಿಸದೇ ಇರುವುದು ಹೇಗೆ ಅಂತ ಗೊತ್ತಾಗಬೇಕು.

೨೫ ಫೆಬ್ರವರಿ, ಭಾನುವಾರ

ಎಡವಟ್ಟು. ಇಂಟರ್‌ವ್ಯೂಗೆ ಮುಂಚೆ ಚಿಕ್ಕದಾಗಿ ಮಾಡಿ ನೋಡೋಣ ಅಂತ ಮಿಲ್ಲಿನ ಬೀಡಿ ಸೇದುವ ಹಮಾಲರನ್ನೆಲ್ಲ ಕೂರಿಸಿದೆ. ಚೀಟಿ ಎತ್ತಿಸಿದೆ. ಅರ್ಧ ಜನಕ್ಕೆ ಸದ್ದು ಕೇಳಿಸುವುದು, ಇನ್ನರ್ಧಕ್ಕೆ ಬರೀ ಬುದ್ಧಿಮಾತು. ಹೋಲಿಸಿ ನೋಡಬೇಕಲ್ಲ.

ಹಮಾಲರ ಮುಖಂಡ ಪಾಲಾಕ್ಷನಿಗೆ ಬುದ್ಧಿಮಾತಿನ ಚೀಟಿ. ಪಕ್ಕದವನ ಕಾಲು ಮೋಟರಿನ ಹಾಗೆ ಸದ್ದು ಮಾಡುವುದನ್ನು ಸ್ವಲ್ಪ ಹೊತ್ತು ಕೇಳಿದ. ಎದ್ದು ನಿಂತ.

"ಅವನಿಗೆ ಕೇಳ್ಸಿದ್ರಿ, ನನಗಿಲ್ಲ. ಇದೇನಕ್ಕಾರೆ, ಪಂಕ್ತಿಭೇದ ಮಾಡ್ತೀರಾ?"

ಮೆತ್ತಗೆ ಹೇಳಿದ. ಅದಕ್ಕೇ ಜಾಸ್ತಿ ಚುಚ್ಚಿತು. ವಿವರಿಸಲು ಹೋದೆ, ನನ್ನ ಕಿವಿಗೇ ಸರಿ ಅನಿಸಲಿಲ್ಲ. ಸದ್ದು ಕೇಳಿದವರೂ ಅವನ ಜೊತೆ ಎದ್ದು ಹೋದರು.

೪ ಮಾರ್ಚ್

ಯಾರೂ ಬರಲಿಲ್ಲ. ನಾನು, ಜೆಲ್ ಬಾಟಲಿ.

೧೮ ಮಾರ್ಚ್, ಭಾನುವಾರ

ಜಟಿಂಗ ರಾಮೇಶ್ವರದಲ್ಲಿ ಮುರುಗೇಶಣ್ಣನ ಮಗುವಿನ ಜವಳ. ದೊಡ್ಡಪ್ಪನ ಮಗ, ಕರೆದರೆ ಹೋಗದೆ ಇರುವ ಹಾಗಿಲ್ಲ. ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಹೊಟ್ಟೆ ತಾಳ ಹಾಕುತ್ತಿತ್ತು. ಎಲೆ ಹಾಕಿದರು. ದೊಡ್ಡವರೂ ದೂರದಿಂದ ಬಂದವರೂ ಮೊದಲ ಪಂಕ್ತಿ. ನಾವು ಬಂಡೆ ಮೇಲೆ ಕೂತು ಹೋಳಿಗೆ ವಾಸನೆ ನೋಡಿದೆವು.

ನಾನು ಗೊಣಗಿದೆ. "ಹೋಳಿಗೆ ಎಲ್ಲಿ ಓಡಿ ಹೋಗ್ತೈತೆ? ಎರಡನೇ ಪಂಕ್ತಿಗೆ ಕೂತ್ಕಂಡ್ರಾತು," ಅವ್ವ ಅಂದಳು.

ಸುತ್ತ ನೋಡಿದೆ. ಅಷ್ಟು ಜನ ಹಸಿದು ಕೂತಿದ್ದಾರೆ, ಒಬ್ಬರಿಗೂ ಸಿಟ್ಟಿಲ್ಲ. ಹರಟೆ, ನಗು. ಯಾಕೆಂದರೆ ತಮಗೂ ಬಡಿಸುತ್ತಾರೆ, ಅದೇ ಊಟ, ಅಂತ ಗೊತ್ತು.

ಅಯ್ಯೋ ದಡ್ಡಿ. ಪಾಲಾಕ್ಷನಿಗೆ ನಾನು ಊಟವೇ ಇಲ್ಲ ಅಂದಿದ್ದೆ!

ಮೊದಲ ಪಂಕ್ತಿಗೆ ಈಗ ಸದ್ದು. ಎರಡನೆಯದಕ್ಕೆ ಮೂರು ತಿಂಗಳ ಮೇಲೆ. ಆ ಮೂರು ತಿಂಗಳಲ್ಲಿ ಯಾರು ಬೀಡಿ ಬಿಟ್ಟರು ಅಂತ ಹೋಲಿಸಿದರೆ ಆಯಿತು. ಯಾರಿಗೂ ಏನೂ ತಪ್ಪುವುದಿಲ್ಲ. ಖುಷಿಗೆ ಹೋಳಿಗೆ ಎಷ್ಟು ತಿಂದೆನೋ, ಅವ್ವ ಎಲೆ ಮೇಲೆ ಕೈ ಅಡ್ಡ ಹಿಡಿದಳು.

೨೫ ಮಾರ್ಚ್

ಪಾಲಾಕ್ಷನ ಮನೆಗೇ ಹೋದೆ. ತಪ್ಪಾಯಿತು ಅಂದೆ, ಹೊಸ ಏರ್ಪಾಡು ಹೇಳಿದೆ. ತಲೆ ಕೆರೆದುಕೊಂಡ.

"ಎರಡನೇ ಪಂಕ್ತಿಗೆ ಪಾಯಸ ತೆಳ್ಳಗಾಗಲ್ಲ ತಾನೆ?"

"ಇಲ್ಲ. ಅದೇ ಮೆಷಿನ್ನು, ಅದೇ ಸದ್ದು."

"ಹಂಗಾರೆ ಚೀಟಿ ಎತ್ತಿಸ್ರಿ ಅಕ್ಕಾರೆ."

ಮಧ್ಯಾಹ್ನ ಎಲ್ಲರೂ ಬಂದರು. ಎತ್ತಿಸಿದೆ. ಪಾಲಾಕ್ಷನಿಗೆ ಮತ್ತೆ ಎರಡನೆಯದೇ. ಅಂಗಳವೆಲ್ಲ ನಗು, ಅವನದೇ ಎಲ್ಲರಿಗಿಂತ ಜೋರು. "ನಡೀಲಿ, ಕಾಯ್ತೀನಿ," ಅಂದ.

೯ ಏಪ್ರಿಲ್. ಬೆಂಗಳೂರು

ಇಂಟರ್‌ವ್ಯೂ ಮುಗಿಯಿತು. ಕಮಿಟಿಯಲ್ಲಿ ಬಿಳಿಗೂದಲಿನ ಒಬ್ಬ ಸರ್ಜನ್ ನೇರ ಅಲ್ಲಿಗೇ ಬಂದರು — ಸದ್ದು ಕೇಳಿಸದ ಗುಂಪು ನಿಮ್ಮ ಜೊತೆ ಯಾಕೆ ಉಳಿಯುತ್ತದೆ? ಓದಿಕೊಂಡಿದ್ದ ಇಂಗ್ಲಿಷೆಲ್ಲ ಮರೆತುಹೋಯಿತು. ಸೆಕೆಂಡ್ ಸಿಟ್ಟಿಂಗ್, ಸರ್, ಅಂದೆ. ಮದುವೆ ಊಟದ ಹಾಗೆ. ಬೆಟ್ಟ, ಹೋಳಿಗೆ, ಪಾಲಾಕ್ಷ, ಪಾಯಸ, ಎಲ್ಲ ಹೇಳಿಬಿಟ್ಟೆ.

ಬಿಳಿಗೂದಲಿನವರು ನಕ್ಕರು. ಗುಂಟೂರಿನವರಂತೆ. ನಮ್ಮಲ್ಲೂ ಹಾಗೇ ಕಾಯುತ್ತೇವಮ್ಮ, ಅಂದರು. ಮತ್ತೆ — ಕಾಯುವವರೂ ಅಷ್ಟೇ ಜನ ಬೀಡಿ ಬಿಟ್ಟುಬಿಟ್ಟರೆ?

ಬಿಟ್ಟರೆ ಒಳ್ಳೆಯದೇ ಸರ್. ನನ್ನ ಊಹೆ ತಪ್ಪು ಅಂತ ಬರೆಯುತ್ತೇನೆ, ಅಂದೆ.

ಏನೋ ಬರೆದುಕೊಂಡರು. ಏನಂತ ಕಾಣಲಿಲ್ಲ.

೨೧ ಮೇ, ಸೋಮವಾರ. ಚಳ್ಳಕೆರೆ

ಸಿಕ್ಕಿತು!

ಫೋನ್ ಮಿಲ್ಲಿಗೆ ಬಂತು. ಎತ್ತಿದ್ದು ಅಪ್ಪ. ಮನೆಗೆ ಓಡಿ ಬಂದರು, ಚಪ್ಪಲಿ ಬಿಡುವುದನ್ನೂ ಮರೆತು. "ಯಾರೋ ಇಂಗ್ಲಿಷ್‌ನಾಗೆ ಮಾತಾಡಿದ್ರು. ಕಂಗ್ರಾಜುಲೇಷನ್ಸ್ ಅಂದಿದ್ದೊಂದು ತಿಳೀತು. ನಾನೂ ಸೇಮ್ ಟು ಯೂ ಅಂದೆ."

ನಾನೇ ಫೋನ್ ಮಾಡಿ ಕೇಳಿದೆ. ನಿಜ. ಎರಡು ವರ್ಷ, ಹೊಸ ಡಾಪ್ಲರು, ಒಬ್ಬ ಸಹಾಯಕಿ. ಅವ್ವ ಬಾಯಿಗೆ ಸಕ್ಕರೆ ಸುರಿದಳು. ದಾವಣಗೆರೆಯವರಿಗೆ ಬರುವುದಿಲ್ಲ ಅಂತ ತಿಳಿಸಿದೆ. ಅಪ್ಪ ಪಕ್ಕದಲ್ಲೇ ನಿಂತು ಕೇಳಿದರು.

೧ ಜುಲೈ, ಭಾನುವಾರ. ಮಧ್ಯಾಹ್ನ, ಮಿಲ್ಲಿನಲ್ಲೇ

ಫೆಲೋಶಿಪ್ಪಿನ ಮೊದಲ ದಿನ. ಚಳ್ಳಕೆರೆ, ಮೊಳಕಾಲ್ಮೂರು, ಎಲ್ಲೆಲ್ಲಿಂದಲೋ ಜನ. ಪಾಲಾಕ್ಷನದೇ ಮೇಸ್ತ್ರಿಗಿರಿ; ಹಮಾಲರ ಎರಡನೇ ಪಂಕ್ತಿ ಹೋದ ವಾರ ಮುಗಿದು, ಅವನೂ ತನ್ನ ಕಾಲಿನ ಸದ್ದು ಕೇಳಿಯಾಗಿದೆ. ಊಟಕ್ಕೆ ಬಿಟ್ಟಾಗ ಅಪ್ಪ ಬಂದರು. ಪಂಚೆ ಎತ್ತಿ ಕಟ್ಟಿ, ಚೀಲದ ಮೇಲೆ ಕಾಲು ಚಾಚಿ ಕೂತರು.

"ಡಾಕ್ಟ್ರೇ, ನಂದೊಂಚೂರು ನೋಡ್ರಿ."

ತಮಾಷೆಗೆ ಅಂದದ್ದಲ್ಲ. ಇಷ್ಟು ವರ್ಷದಲ್ಲಿ ಅಪ್ಪ ನನ್ನನ್ನು ಹಾಗೆ ಕರೆದದ್ದು ಇದೇ ಮೊದಲು. ನೀವು ಸಂಶೋಧನೆಯ ಲೆಕ್ಕಕ್ಕಿಲ್ಲ ಅಪ್ಪ, ಸುಮ್ಮನೆ ನೋಡುತ್ತೇನೆ, ಅಂದೆ. ಜೆಲ್ ಹಚ್ಚಿ ಡಾಪ್ಲರ್ ಇಟ್ಟೆ. ಬಲಗಾಲು ಚೆನ್ನಾಗಿದೆ. ಎಡಗಾಲು ಸ್ವಲ್ಪ ಮೆತ್ತಗೆ, ಆದರೆ ಗಾಬರಿ ಏನಿಲ್ಲ, ಇನ್ನೂ ಕಾಲ ಮಿಂಚಿಲ್ಲ. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಬಹಳ ಹೊತ್ತು.

"ಇದು ನಂದೇನಾ?"

"ನಿಮ್ಮದೇ."

ಜೇಬಿನಿಂದ ಸಿಗರೇಟ್ ಪ್ಯಾಕೆಟ್ ತೆಗೆದು ನನ್ನ ಕೈಯಲ್ಲಿಟ್ಟರು. "ಮೂರು ತಿಂಗಳಿಗೆ ಮತ್ತೆ ಕೇಳಿಸ್ಬೇಕು. ಜೋರಾಗಿರ್ಬೇಕು, ನೋಡು." ಎದ್ದು ಹೋದರು. ಅಳು ಬಂತು, ನಗುವೂ ಬಂತು, ಯಾವುದು ಮೊದಲೋ ತಿಳಿಯಲಿಲ್ಲ. ಪ್ಯಾಕೆಟ್ ಇನ್ನೂ ಬೆಚ್ಚಗಿದೆ. ಪಾಲಾಕ್ಷ ಕೂಗುತ್ತಿದ್ದಾನೆ, ಮುಂದಿನವರನ್ನು ಕಳಿಸಲಾ ಅಂತ. ಬಂದೆ ಮಾರಾಯ, ಇನ್ನೊಂದು ಸಾಲು, ಅಪ್ಪ ಹೋಗುವಾಗ ತಿರುಗಿ ನೋಡಿ ನಕ್ಕರು.