ಗುರುಮಲ್ಲಣ್ಣನ ಬಿಕ್ಕಳಿಕೆ

ಕಪಿಲಾ ದಂಡೆ,
ಎರಡನೆಯ ಫೆಬ್ರವರಿಯ ಮೂವತ್ತನೆಯ ದಿನ, ೨೩೪೧

ಮಾನ್ಯ ದಾಕ್ಷಾಯಿಣಿ ಅಜ್ಜಿಯವರಿಗೆ,

ಅಜ್ಜಿ ಅಂದದ್ದಕ್ಕೆ ಮುನಿಸಿಕೊಳ್ಳಬೇಡಿ. ನಿಮಗಿನ್ನೂ ಮೂವತ್ತು ದಾಟಿಲ್ಲ, ನನಗೆ ಮುಪ್ಪಿನಲ್ಲಿ ಹಲ್ಲೆಲ್ಲ ಉದುರಿ ಮತ್ತೆ ಹೊಸ ಹಲ್ಲು ಬಂದಿವೆ. ಆದರೂ ನೀವೇ ನನ್ನ ಅಜ್ಜಿಯ ಅಜ್ಜಿಗೂ ಅಜ್ಜಿ. ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾಗುತ್ತಾ ಹೋದ ಮೇಲೆ ನಮ್ಮ ಹಿರಿಯರು ಫೆಬ್ರವರಿಯನ್ನು ಎರಡು ಮಾಡಿಕೊಂಡರು, ತಂಪಿನ ದಿನಗಳು ಹೆಚ್ಚಿದಂತಾದರೂ ಅನ್ನಿಸಲಿ ಎಂದು. ಅನ್ನಿಸಲಿಲ್ಲ. ನಿಮ್ಮ ಕಾಲದ ಕನ್ನಡ ಕಲಿತು ಬರೆಯುತ್ತಿದ್ದೇನೆ. ಮಾತು ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಹೆಸರು ಮುಗಿಲಬ್ಬೆ. ಕೆಲಸ ಪೊರೆ ನೇಯುವುದು. ನಿಮ್ಮ ಅಣ್ಣ ಗುರುಮಲ್ಲಣ್ಣನ ರಕ್ತವನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರಕ್ಕೆ ಹರಿಸಿ ಶೋಧಿಸುತ್ತಾರಲ್ಲ, ಅಲ್ಲಿ ಜರಡಿಯಂತೆ ಕೆಲಸ ಮಾಡುವ ತೆಳು ಪದರವೇ ಪೊರೆ. ನಿಮ್ಮ ಕಾಲದ ಪೊರೆಯನ್ನು ಮುಟ್ಟಿದೊಡನೆ ರಕ್ತ ಅದನ್ನು ಹೊರಗಿನದೆಂದು ತಿಳಿದು ಸಿಡುಕುತ್ತದೆ. ಆ ಸಿಡುಕಿನಲ್ಲಿ ಹುಟ್ಟುವ ಪುಂಡ ಕಣಗಳು ದೇಹವನ್ನೇ ಒಳಗಿನಿಂದ ಸವೆಸುತ್ತವೆ. ನಾವು ನೇಯುವುದು ಒಗ್ಗುಪೊರೆ. ರೋಗಿಯ ಕೆನ್ನೆಯ ಒಳಗಿನ ಜೀವಕೋಶಗಳನ್ನೇ ಬೆಳೆಸಿ ನೂಲು ತೆಗೆಯುವುದರಿಂದ ರಕ್ತ ಅದನ್ನು ಮನೆಯವರೆಂದೇ ನಂಬುತ್ತದೆ. ಜನ ಅದನ್ನು ಸೊಂಟಕ್ಕೆ ಪಟ್ಟಿಯಂತೆ ಕಟ್ಟಿಕೊಂಡು ಅವರೆಕಾಯಿ ಸುಲಿಯುತ್ತಾರೆ, ಜಗಳವಾಡುತ್ತಾರೆ, ಹೊಳೆಗೆ ಹೋಗಿ ಬರುತ್ತಾರೆ. ಸಂಜೆ ಬಿಚ್ಚಿ ತೊಳೆದಿಟ್ಟರೆ ಮುಗಿಯಿತು. ಒಂದೊಂದು ಪಟ್ಟಿ ನೇಯ್ದು ಮುಗಿಸಿದಾಗಲೂ ಅಂದುಕೊಳ್ಳುತ್ತೇನೆ, ಇದು ಗುರುಮಲ್ಲಣ್ಣನಿಗೆ ಸಿಗಲಿಲ್ಲವಲ್ಲ ಎಂದು.

ಅವರ ಕಥೆ ನಮ್ಮಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಅಣ್ಣ ಯಾಕಿಷ್ಟು ಸೋಲುತ್ತಾರೆ ಎಂದು ನೀವು ಕೇಳಿದಾಗ ಡಾಕ್ಟರು ಆಕ್ಸಿಡೇಟಿವ್ ಸ್ಟ್ರೆಸ್ ಎಂದರು, ಅಂದರೆ ಅದೇ ಪುಂಡ ಕಣಗಳ ಕಾಟ. ಅದಕ್ಕೆ ಹುಳಿ ಹಣ್ಣಿನ ರಸ ರಾಮಬಾಣ ಎಂದು ಯಾರೋ ಹೇಳಿದರು. ಹಿತ್ತಿಲಲ್ಲಿ ಕಮರಾಕ್ಷಿ ಮರವಿತ್ತು, ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಹುಳಿ ಹಣ್ಣಿನದು. ದೊಡ್ಡ ಲೋಟದ ತುಂಬ ರಸ ಹಿಂಡಿ ಕೊಟ್ಟಿರಿ. ಪಥ್ಯದಲ್ಲಿ ಬಾಯಿ ಕೆಟ್ಟಿದ್ದ ಅಣ್ಣ ಚಪ್ಪರಿಸಿ ಕುಡಿದರು. ಸಂಜೆಗೆ ಬಿಕ್ಕಳಿಕೆ ಹತ್ತಿತು. “ಯಾರೋ ನೆನಸ್ಕತಾವ್ರೆ ಬುಡಣ್ಣ,” ಎಂದು ನಕ್ಕಿರಿ. “ನನ್ನ ಯಾರವ್ವ ಅಷ್ಟೊಂದು ನೆನಸ್ಕಳದು?” ಎಂದು ಅವರೂ ನಕ್ಕರು. ಬಿಕ್ಕಳಿಕೆ ನಿಲ್ಲಲಿಲ್ಲ. ಮಾತು ತೊದಲಿತು, ಬೆಳಗಿನ ಹೊತ್ತಿಗೆ ಫಿಟ್ಸ್ ಬಂತು. ಏನು ತಿಂದರು ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಅನ್ನ, ಸಾರು ಎಂದಿರಿ. ಹಣ್ಣನ್ನು ಯಾರು ತಾನೇ ಲೆಕ್ಕಕ್ಕೆ ಹಿಡಿಯುತ್ತಾರೆ? ಆ ಹಣ್ಣಿನಲ್ಲೊಂದು ವಿಷವಿದೆ, ಅಜ್ಜಿ. ಗಟ್ಟಿ ಕಿಡ್ನಿ ಅದನ್ನು ಹೊರಹಾಕುತ್ತದೆ. ಕೆಟ್ಟ ಕಿಡ್ನಿಯವರಿಗೆ ಅದು ತಲೆಗೇರುತ್ತದೆ. ನಿಮಗದು ತಿಳಿಯುವ ಹೊತ್ತಿಗೆ ಅಣ್ಣ ಇರಲಿಲ್ಲ.

ಆಮೇಲೆ ನೀವು ಕಾಯಿಲೆಯವರಿಗೆ ಕೈಯಾರೆ ಏನನ್ನೂ ಕೊಡಲಿಲ್ಲ. ಅದನ್ನು ನೋಡಿ ನಿಮ್ಮ ಮಗಳು ಕಲಿತಳು, ಅವಳಿಂದ ಅವಳ ಮಗಳು. ಈಗ ಅದು ನಮ್ಮ ಮನೆತನದ ಶಾಸ್ತ್ರ: ಲೋಟವನ್ನು ಸ್ಟೂಲಿನ ಮೇಲಿಟ್ಟು ದೂರ ನಿಲ್ಲಬೇಕು. ನನ್ನ ಅವ್ವ ಕೊನೆಯ ದಿನ ಗಂಜಿಗಾಗಿ ಬಾಯಿ ತೆರೆದು ಕಾದಳು. ಚಿಕ್ಕವ್ವ ಲೋಟವಿಟ್ಟು ಹಿಂದೆ ಸರಿದಳು. ಅವ್ವನ ಕೈಗೆ ಅದು ಎಟುಕಲಿಲ್ಲ. ಮಂಚದ ಪಕ್ಕ ನಿಂತು ನೋಡಿದ ಕೂಸು ನಾನು; ಆ ಸಂಕಟ ಇನ್ನೂ ಹೋಗಿಲ್ಲ.

ಈ ಪತ್ರ ಕಾಲದಲ್ಲಿ ಹಿಂದಕ್ಕೆ ಸಾಗುವ ಹಿನ್ನಡೆಯಂಚೆಯಲ್ಲಿ ಬರುತ್ತಿದೆ. ಅದು ವರ್ಷಕ್ಕೆ ಸರಿಯಾಗಿ ತಲುಪಿಸುತ್ತದೆ, ದಿನದ ಭರವಸೆ ಕೊಡುವುದಿಲ್ಲ. ಮೊದಲೇ ತಲುಪಿದರೆ ಹಣ್ಣನ್ನು ಮರದಲ್ಲೇ ಬಿಡಿ. ಎಲ್ಲ ಮುಗಿದ ಮೇಲೆ ತಲುಪಿದರೆ, ನೀವು ಕೊಟ್ಟದ್ದು ಪ್ರೀತಿಯಿಂದ ಎಂದು ನಾವು ಬಲ್ಲೆವು. ಮುಂದಿನ ಸಲ ಯಾರಾದರೂ ಮಲಗಿದರೆ ಡಾಕ್ಟರನ್ನು ಕೇಳಿ, ಆದರೆ ನಿಮ್ಮ ಕೈಯಾರೆ ಕುಡಿಸಿ. ನಿಮ್ಮ ಮಗಳು ನೋಡುತ್ತಿರುತ್ತಾಳೆ.

ಲೋಟ ಖಾಲಿಯಾಗಿ ಅಣ್ಣ ಬಿಕ್ಕಳಿಸುತ್ತಾ ಕೂತಿದ್ದರೆ ಮಾತ್ರ ಒಂದು ಗಳಿಗೆಯೂ ತಡಮಾಡಬೇಡಿ. ಆಟೋ ಕರೆಯಿರಿ. ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ಮೊದಲು ಕಮರಾಕ್ಷಿಯ ಹೆಸರು ಹೇಳಿ. ನಿಮ್ಮ ಕಾಲದ ಅದೇ ಒರಟು ಪೊರೆಗೆ ಆ ವಿಷವನ್ನು ತೆಗೆಯುವ ಶಕ್ತಿಯಿದೆ, ಹೊತ್ತು ಮೀರಬಾರದು ಅಷ್ಟೆ. ತನ್ನನ್ನು ಅಷ್ಟೊಂದು ನೆನೆಸಿಕೊಳ್ಳುವವರು ಯಾರು ಎಂದು ದಾರಿಯಲ್ಲಿ ಅಣ್ಣ ಮತ್ತೆ ಕೇಳಬಹುದು.

ಈ ಪತ್ರ ಬರೆದ ನಾನು ಎಂದು ಹೇಳಿ.

ಮುಗಿಲಬ್ಬೆ